ನಿಂಗರಾಜಮ್ಮ ಮನೇಲೇ ಮಾಡಿದ ಪಿಜ್ಜಾ

ಕೂತ್ಕೊಳ್ಳಿ. ಫೋನು ಜೇಬಿಗೆ ಹಾಕ್ಕೊಳ್ಳಿ. ಇದು ಬುದ್ಧಿವಂತರ ಕತೆ ಅಲ್ಲ. ಬುದ್ಧಿವಂತರ ಕತೆ ಬೇಕಾದ್ರೆ ನಿಮ್ಮ ನಿಮ್ಮ ಮನೇಲಿ ನಿಮ್ಮ ಬಗ್ಗೆ ನೀವೇ ಹೇಳ್ಕೋತಾ ಇರ್ತೀರಿ, ಅದಕ್ಕೆ ನಾನ್ಯಾಕೆ.

ತಿಪಟೂರಿನಲ್ಲಿ ನಿಂಗರಾಜಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಉಳಿದವನು ಒಬ್ಬನೇ ಮಗ, ಬೋರೇಶ. ಕೊಬ್ಬರಿ ಮಂಡೀಲಿ ಮೂಟೆ ಹೊಲಿಯೋ ಕೆಲಸ. ಹೊಲಿ ಅಂದ್ರೆ ಹೊಲೀತಾನೆ, ನಿಲ್ಲಿಸು ಅನ್ನೋ ತನಕ ಹೊಲೀತಾನೆ. ಒಂದ್ಸಲ ಯಜಮಾನರು ನಿಲ್ಲಿಸು ಅನ್ನೋದನ್ನ ಮರೆತು ಊಟಕ್ಕೆ ಹೋದರು. ಬಂದು ನೋಡಿದ್ರೆ ಮೂಟೆ ಮುಗಿದಿದೆ, ಗೂಟಕ್ಕೆ ನೇತುಹಾಕಿದ್ದ ಅವರ ಕೋಟಿನ ಎರಡು ತೋಳೂ ಹೊಲಿದುಹೋಗಿದೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋದು, ಅದೇ ಅವನ ರೋಗ. ಬೇರೆ ಕೆಟ್ಟ ಚಾಳಿ ಒಂದೂ ಇಲ್ಲ. ಅದೊಂದೇ ಸಾಕಾಗಿತ್ತು ಬಿಡಿ.

ಇಂಥವನಿಗೆ ಹೆಣ್ಣು ಕೊಡೋರು ಯಾರು? ನೋಡಿದ ಹೆಣ್ಣೆಲ್ಲ ಬೇರೆ ಮನೆ ಸೇರಿ ಮಕ್ಕಳನ್ನ ಶಾಲೆಗೆ ಕಳಿಸ್ತಾ ಇದ್ದರು. ಕೊನೆಗೆ ಬಾಣಾವರದಲ್ಲಿ ಒಂದು ಹೆಣ್ಣು ಸಿಕ್ತು, ಶಾಂಭವಿ ಅಂತ. ನೋಡೋಕೆ ಹೋದಾಗ ನಿಂಗರಾಜಮ್ಮ ದೊಡ್ಡತನದಿಂದ, "ಏನೇನು ಅಡುಗೆ ಬರುತ್ತಮ್ಮ?" ಅಂದಳು. ಹುಡುಗಿ, "ನಂಗೆ ಪಿಜ್ಜಾ ಇಷ್ಟ" ಅಂದಳು. ಕೇಳಿದ್ದೊಂದು, ಹೇಳಿದ್ದೊಂದು. ಹುಡುಗಿಯ ಸೋದರತ್ತೆ ಪಂಕಜಾಕ್ಷಮ್ಮ ಮೂಗು ಮುರಿದು, "ನಾವು ಅಂಗಡೀದು ಮುಟ್ಟಲ್ಲಪ್ಪ. ಯಾವ ಕೈಯೋ, ಯಾವ ಎಣ್ಣೆಯೋ" ಅಂದಳು.

ನಿಂಗರಾಜಮ್ಮನ ನಾಲಿಗೆ ಸುಮ್ಮನಿರಬೇಕಲ್ಲ. "ಅಂಗಡೀದ್ಯಾಕೆ? ನಮ್ಮನೇಲಿ ಪಿಜ್ಜಾ ನಾನೇ ಮಾಡೋದು" ಅಂದುಬಿಟ್ಟಳು. ಆ ಕ್ಷಣದವರೆಗೂ ಆಯಮ್ಮ ಪಿಜ್ಜಾ ಕಣ್ಣಲ್ಲಿ ಕಂಡಿರಲಿಲ್ಲ.

"ಹಾಗಾದ್ರೆ ಬರೋ ಭಾನುವಾರ ಮನೆ ನೋಡೋಕೆ ಬರ್ತೀವಿ, ಅದನ್ನೇ ಮಾಡಿ" ಅಂದಳು ಪಂಕಜಾಕ್ಷಮ್ಮ.

ಮನೆ ನೋಡೋ ಶಾಸ್ತ್ರ ಅಂದ್ರೆ ಗೊತ್ತಲ್ಲ, ಹೆಣ್ಣಿನ ಕಡೆಯೋರು ಬಂದು ಗಂಡಿನ ಮನೆ ನೋಡೋದು. ಹೆಸರಿಗೆ ಮನೆ, ನೋಡೋದೆಲ್ಲ ಅಡುಗೆಮನೆ. ಇದೂ ತಪ್ಪಿಹೋದ್ರೆ ಮಗ ಬ್ರಹ್ಮಚಾರಿಯಾಗೇ ಸಾಯ್ತಾನೆ ಅಂತ ನಿಂಗರಾಜಮ್ಮನಿಗೆ ಭಯ.

ಮೊದಲು ಆ ಪಿಜ್ಜಾ ಅನ್ನೋದು ಹೇಗಿರುತ್ತೆ ಅಂತ ನೋಡಬೇಕಲ್ಲ. ಊರಲ್ಲಿ ಲೋಹಿತ ಅನ್ನೋನು ಹೊಸದಾಗಿ ಪಿಜ್ಜಾ ಅಂಗಡಿ ಇಟ್ಟಿದ್ದ. "ಹೋಗಿ ಒಂದು ತಗೊಂಡು ಬಾ. ದಾರೀಲಿ ಯಾರಿಗೂ ಕಾಣಬಾರದು, ಕಂಕುಳಲ್ಲಿ ಇಟ್ಕೊಂಡು ಬಾ" ಅಂದಳು.

ಬೋರೇಶ ಹೋದ, ಕೊಂಡ, ಡಬ್ಬೀನ ಕಂಕುಳಲ್ಲಿ ಅವುಚಿ ಹಿಡಿದು ಬಂದ. ಮುಚ್ಚಳ ತೆಗೆದ್ರೆ ರೊಟ್ಟಿ ಒಂದು ಕಡೆ ಬೋಳಾಗಿದೆ, ಚೀಸು, ಟೊಮೆಟೊ, ದಪ್ಪಮೆಣಸಿನಕಾಯಿ ಎಲ್ಲ ಜಾರಿ ಒಂದು ಮೂಲೇಲಿ ಮುದ್ದೆಯಾಗಿದೆ.

"ಅಯ್ಯೋ ನನ್ನ ಕರ್ಮವೇ. ಇದೇನೋ ಇದು?"

"ನೀನೇ ಹೇಳಿದ್ದಲ್ಲವ್ವ, ಕಂಕುಳಲ್ಲಿ ಅಂತ."

"ತಟ್ಟೇಲಿ ಇಟ್ಟ ಹಾಗೆ ಎರಡು ಕೈಯಲ್ಲಿ ಅಗಲವಾಗಿ ಹಿಡ್ಕೊಂಡು ಬರಬೇಕು ಕಣೋ."

"ಆಗಲಿ ಕಣವ್ವ. ಮುಂದಿನ ಸಲ ಹಾಗೇ ಮಾಡ್ತೀನಿ."

ನಿಂಗರಾಜಮ್ಮ ಆ ಮುದ್ದೇನ ಬೆರಳಲ್ಲಿ ಮುಟ್ಟಿ ನೆಕ್ಕಿ ನೋಡಿದಳು. "ಇಷ್ಟೇನಾ? ದಪ್ಪ ರೊಟ್ಟಿ ಮೇಲೆ ಪಲ್ಯ. ಇದಕ್ಕೆ ಅಷ್ಟು ದುಡ್ಡು ಕೊಟ್ಟು ತಿಂತಾರಲ್ಲ ಜನ" ಅಂದಳು. ಮೈದಾ ಬೇಡ, ಅದು ಮೈಗೆ ಒಳ್ಳೇದಲ್ಲ, ಮನೇದು ಅಂದ ಮೇಲೆ ಗೋಧಿನೇ ಇರಲಿ ಅಂತ ಚೀಲದ ತುಂಬ ಗೋಧಿ ಕೊಟ್ಟು ಮಗನ್ನ ಗಿರಣಿಗೆ ಕಳಿಸಿದಳು.

ಗಿರಣಿಯೋನು ಹಿಟ್ಟನ್ನ ಚೀಲಕ್ಕೆ ಸುರಿಯೋಕೆ ಹೋದ. ಬೋರೇಶ ಬಿಡಲಿಲ್ಲ. "ಅಗಲವಾಗಿ ಹಿಡ್ಕೊಂಡು ಬಾ ಅಂದಿದಾಳೆ ಅವ್ವ" ಅಂತ ಒಂದು ದೊಡ್ಡ ಹರಿವಾಣ ಇಸ್ಕೊಂಡು, ಹಿಟ್ಟನ್ನ ಅದರಲ್ಲಿ ಹರಡಿ, ಎರಡು ಕೈಯಲ್ಲಿ ಹಿಡ್ಕೊಂಡು ಹೊರಟ. ರೈಲ್ವೆ ಗೇಟ್ ಹತ್ರ ರೈಲು ಹೋಯ್ತು. ರೈಲಿನ ಗಾಳಿಗೆ ಹಿಟ್ಟೂ ಹೋಯ್ತು. ಮನೆಗೆ ಬಂದಾಗ ಹರಿವಾಣ ಖಾಲಿ, ಮೀಸೆ ಬೆಳ್ಳಗಾಗಿತ್ತು.

"ಅಯ್ಯೋ ನನ್ನ ಕರ್ಮವೇ. ಹಿಟ್ಟೆಲ್ಲೋ?"

"ಅರಸೀಕೆರೆ ಕಡೆ ಹೋಯ್ತು ಕಣವ್ವ. ನೀನೇ ಹೇಳಿದ್ದಲ್ಲ, ಅಗಲವಾಗಿ ಹಿಡಿ ಅಂತ."

"ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಬೇಕು ಕಣೋ. ಒಂದು ಚೂರೂ ಹೊರಗೆ ಬರದ ಹಾಗೆ."

"ಆಗಲಿ ಕಣವ್ವ. ಮುಂದಿನ ಸಲ ಹಾಗೇ ಮಾಡ್ತೀನಿ."

ಪಕ್ಕದ ಮನೆಯಿಂದ ಹಿಟ್ಟು ಕಡ ತಂದು, ಈಸ್ಟ್ ಅಂತ ಹುದುಗು ಬರಿಸೋ ಪುಡಿ ಹಾಕಿ, ನಿಂಗರಾಜಮ್ಮ ತಾನೇ ಕಲಸಿದಳು. "ನಾನು ಸಂತೆಗೆ ಹೋಗಿ ಬರ್ತೀನಿ, ಹಿಟ್ಟು ಉಬ್ಬಿ ಬರುತ್ತೆ, ನೋಡ್ಕೋ" ಅಂದಳು. ಬೋರೇಶ ನೋಡ್ಕೊಂಡ. ಹಿಟ್ಟು ನಿಜವಾಗ್ಲೂ ಉಬ್ಬಿ ಹೊರಗೆ ಬರೋಕೆ ಶುರುವಾಯ್ತು. ಒಂದು ಚೂರೂ ಹೊರಗೆ ಬರಬಾರದು ಅಲ್ವಾ? ಗೋಣಿಚೀಲಕ್ಕೆ ತುಂಬಿದ, ಮಂಡಿ ಸೂಜೀಲಿ ಬಾಯಿ ಹೊಲಿದ, ಮೇಲೆ ರುಬ್ಬೋ ಗುಂಡು ಹೇರಿದ. ಸಾಲದು ಅಂತ ತಾನೂ ಹತ್ತಿ ಕೂತ. ತಾಯಿ ಬರೋ ಹೊತ್ತಿಗೆ ಹಿಟ್ಟು ಚಪ್ಪಲಿ ಅಟ್ಟೆ ಥರ ಆಗಿತ್ತು.

"ಅಯ್ಯೋ ನನ್ನ ಕರ್ಮವೇ. ಉಬ್ಬೋದನ್ನ ಅದುಮ್ತಾರೇನೋ? ಒದ್ದೆ ಬಟ್ಟೆ ಹೊದಿಸಿ, ಒಲೆ ಪಕ್ಕ ಬೆಚ್ಚಗೆ ಇಡಬೇಕು. ಏನೇ ಆದ್ರೂ ಮುಟ್ಟಬಾರದು."

"ಆಗಲಿ ಕಣವ್ವ. ಮುಂದಿನ ಸಲ ಹಾಗೇ ಮಾಡ್ತೀನಿ."

ಶನಿವಾರ ಮಧ್ಯಾಹ್ನ ಹುಡುಗಿಯ ಸೋದರಮಾವ ಷಡಕ್ಷರಿ ಬಂದ. ನಾಳೆ ಬರ್ತೀವಿ ಅಂತ ಹೇಳಿ ಹೋಗೋಕೆ ಬಂದಿದ್ದು, ಜೊತೆಗೆ ಸ್ಟೀಲ್ ಡಬ್ಬೀಲಿ ಒಬ್ಬಟ್ಟು ತಂದಿದ್ದ. ನಿಂಗರಾಜಮ್ಮ ಮುದ್ದೆ ಬಡಿಸಿದಳು. ಬೀಗರಾಗೋ ಮನೆ ಊಟ, ಬಿಡ್ತಾರ? ಉಂಡ, ಉಂಡ, ಮಂಚದ ಮೇಲೆ ಉರುಳಿಕೊಂಡ. ನಿಂಗರಾಜಮ್ಮ ಎಲೆ ಅಡಿಕೆ ತರೋಕೆ ಹೋದಳು.

ಬೋರೇಶ ನೋಡ್ತಾನೆ, ಮಾವನ ಹೊಟ್ಟೆ ಉಸಿರು ಉಸಿರಿಗೂ ಉಬ್ಬುತ್ತಾ ಇದೆ. ಉಬ್ಬೋದಕ್ಕೆ ಏನು ಮಾಡಬೇಕು ಅಂತ ಅವ್ವ ನಿನ್ನೆ ತಾನೇ ಹೇಳಿದ್ದಳು. ಮಂಚಾನ ಮೆಲ್ಲಗೆ ಎಳೆದು ನೀರೊಲೆ ಪಕ್ಕ ತಂದ. ಒಲೆಗೆ ಇನ್ನೆರಡು ತೆಂಗಿನ ಗರಿ ತುರುಕಿದ. ಕಂಬಳಿ ನೆನೆಸಿ ತಲೆಯಿಂದ ಕಾಲಿನ ತನಕ ಹೊದಿಸಿದ. ಮಾವ ಕಂಬಳಿ ಒಳಗಿಂದ ಕೈಕಾಲು ಬಡಿದು ಕೂಗ್ತಾ ಇದ್ರೂ ಮುಟ್ಟಲಿಲ್ಲ, ಮುಟ್ಟಬಾರದು ಅಂದಿದ್ದಳಲ್ಲ. ಕೊನೆಗೆ ಆ ಮನುಷ್ಯ ತಾನೇ ಬಿಡಿಸ್ಕೊಂಡು ಎದ್ದು, ಹಬೆ ಆಡೋ ಮೈಯಲ್ಲಿ, "ನನ್ನ ಡಬ್ಬಿ ಕೊಡಯ್ಯ" ಅಂದ. ಬೋರೇಶ ಖಾಲಿ ಡಬ್ಬಿ ಕೊಟ್ಟ. ಆತ ಹಿಂತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ಹೋದ.

ನಿಂಗರಾಜಮ್ಮ ಕಂಬಳಿ ವಿಷಯ ಕೇಳಿ ಅತ್ತಳು. ಡಬ್ಬಿ ವಿಷಯ ಕೇಳಿ ಇನ್ನೂ ಜಾಸ್ತಿ ಅತ್ತಳು. "ಬೀಗರ ಡಬ್ಬೀನ ಬರಿದಾಗಿ ಕೊಟ್ಟೆಯೇನೋ? ಯಾರ ಡಬ್ಬೀನೂ ಬರಿದು ಮಾಡಿ ವಾಪಸ್ ಕೊಡಬಾರದು. ಮನೇಲಿ ಏನಿದೆಯೋ ಅದನ್ನ ಹಾಕಿ ಕೊಡಬೇಕು. ಒಂದು ಚೂರು ಸಕ್ಕರೆ ಆದ್ರೂ ಸರಿ."

"ಆಗಲಿ ಕಣವ್ವ. ಮುಂದಿನ ಸಲ ಹಾಗೇ ಮಾಡ್ತೀನಿ."

ಷಡಕ್ಷರಿ ಊರಿಗೆ ಹೋಗಿ ಬಾಯಿ ಬಿಡಲಿಲ್ಲ. ಒದ್ದೆ ಕಂಬಳೀಲಿ ಬೆಂದೆ ಅಂತ ಯಾವ ಗಂಡಸು ಹೇಳ್ಕೋತಾನೆ ಹೇಳಿ.

ಭಾನುವಾರ ಬಂತು. ನಿಂಗರಾಜಮ್ಮ ಮತ್ತೆ ಹಿಟ್ಟು ಕಲಸಿ, ತಟ್ಟಿ, ತರಕಾರಿ ಹರಡಿ, ಚೀಸು ತುರಿದು, ಕಾವಲಿ ಮೇಲೆ ಇಟ್ಟು ಮುಚ್ಚಳ ಮುಚ್ಚಿದಳು. "ನೋಡ್ತಾ ಇರು" ಅಂತ ಮಗನಿಗೆ ಹೇಳಿ ತಲೆಗೆ ಕಪ್ಪು ಹಚ್ಚೋಕೆ ಬಚ್ಚಲಿಗೆ ಹೋದಳು. ಬೀಗರ ಮುಂದೆ ಬಿಳಿ ಕೂದಲು ಕಾಣಬಾರದಲ್ಲ. ಬೋರೇಶ ನೋಡ್ತಾ ಇದ್ದ. ಹೊಗೆ ಬಂತು, ನೋಡಿದ. ಸೀದ ವಾಸನೆ ಬೀದಿ ತನಕ ಹೋಯ್ತು, ನೋಡಿದ.

"ಇಳಿಸೋಕೆ ಏನೋ ಆಗಿತ್ತು ನಿಂಗೆ?"

"ಏನೇ ಆದ್ರೂ ಮುಟ್ಟಬಾರದು ಅಂದಿದ್ದೆಯಲ್ಲವ್ವ. ಮುಟ್ಟಲಿಲ್ಲ."

ಬೈಯೋಕೂ ಹೊತ್ತಿರಲಿಲ್ಲ. ನಿಂಗರಾಜಮ್ಮ ತಲೆಗೆ ಸೆರಗು ಹೊದ್ದು, ಈ ಸಲ ಯಾರನ್ನೂ ನಂಬದೆ ತಾನೇ ಲೋಹಿತನ ಅಂಗಡಿಗೆ ಓಡಿದಳು. ಪಿಜ್ಜಾ ತಂದಳು. ಪಕ್ಕದ ಮನೆಯ ಬೆಳ್ಳಿ ತಟ್ಟೆ ಇಸ್ಕೊಂಡು ಅದರಲ್ಲಿ ಇಟ್ಟಳು, ಮೇಲೆ ಮನೇದು ಅನ್ನೋ ಗುರುತಿಗೆ ಕೊತ್ತಂಬರಿ ಸೊಪ್ಪು ಉದುರಿಸಿದಳು. ಖಾಲಿ ಡಬ್ಬೀನ ಮಗನ ಕೈಗೆ ಕೊಟ್ಟು, "ಇದು ನನ್ನ ಕಣ್ಣ ಮುಂದೆ ಇರಬಾರದು. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ" ಅಂದಳು.

ಬೋರೇಶ ಡಬ್ಬಿ ನೋಡಿದ. ಲೋಹಿತನ ಡಬ್ಬಿ. ಬರಿದಾಗಿದೆ. ಮನೇಲಿ ಏನಿದೆ ಅಂತ ಹುಡುಕಿದ. ಕಾವಲಿ ಮೇಲೆ ಕರಕಲು ಪಿಜ್ಜಾ ಇತ್ತು. ಎಬ್ಬಿಸಿ ಡಬ್ಬೀಲಿ ಇಟ್ಟು, ಅಗಲವಾಗಿ ಎರಡು ಕೈಯಲ್ಲಿ ಹಿಡ್ಕೊಂಡು ಹೋಗಿ ಲೋಹಿತನ ಮೇಜಿನ ಮೇಲೆ ಇಟ್ಟು ಬಂದ. ಮೊದಲನೇ ಪಾಠಾನೂ ಮರೆತಿರಲಿಲ್ಲ, ಅದನ್ನ ಮೆಚ್ಚಬೇಕು.

ಇತ್ತ ಬೀಗರು ಬಂದು ಕೂತಿದ್ರು, ಶಾಂಭವಿ, ಷಡಕ್ಷರಿ ಮಾವ ಎಲ್ಲ. ಅಂಗಡೀದು ಮುಟ್ಟದ ಪಂಕಜಾಕ್ಷಮ್ಮ ಒಂದು ತುಂಡು ತಿಂದು ಇನ್ನೊಂದಕ್ಕೆ ಕೈ ಹಾಕಿದ್ದಳು. "ಮನೇದು ಅಂದ್ರೆ ಮನೇದೇ ಕಣ್ರೀ. ಅಂಗಡೀದನ್ನ ಇದಕ್ಕೆ ನಿವಾಳಿಸಿ ಬಿಸಾಕಬೇಕು. ಕೈರುಚಿ ಅನ್ನೋದು ಎಲ್ಲಿಂದ ಬರುತ್ತೆ ಅಂಗಡಿಯೋರಿಗೆ?"

ಸ್ಕೂಟರ್ ಸದ್ದಾಯ್ತು. ಅಂಗಡಿ ಟೋಪಿ ಹಾಕ್ಕೊಂಡು ಲೋಹಿತ ಏದುಸಿರು ಬಿಡ್ತಾ ಒಳಗೆ ಬಂದ. "ಅಮ್ಮ, ತಪ್ಪಾಯ್ತು. ಈಗ ನೀವು ತಗೊಂಡು ಹೋದ ಪಿಜ್ಜಾ ಹೀಗೆ ಸೀದಿತ್ತು ಅಂತ ನಂಗೆ ಗೊತ್ತಾಗಲಿಲ್ಲ. ನಿಮ್ಮ ಮಗ ವಾಪಸ್ ತಂದಿಟ್ಟಿದ್ದು ಒಳ್ಳೇದಾಯ್ತು. ಬೇರೆ ಬಿಸಿ ಬಿಸಿ ತಂದಿದೀನಿ." ಅಷ್ಟರಲ್ಲಿ ತಟ್ಟೆ ಕಡೆ ಕಣ್ಣು ಹೋಯ್ತು. "ಅರೆ, ನಮ್ಮದು ಇಲ್ಲೇ ಇದೆಯಲ್ಲ. ಕೊತ್ತಂಬರಿ ಯಾರು ಹಾಕಿದ್ದು?"

ಪಂಕಜಾಕ್ಷಮ್ಮನ ಬಾಯಲ್ಲಿ ಇದ್ದ ತುಂಡು ಅಲ್ಲೇ ನಿಂತಿತು. ನಿಂಗರಾಜಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು. ಶಾಂಭವಿಗೆ ಮಾತ್ರ ನಗು ತಡೆಯೋಕೆ ಆಗಲಿಲ್ಲ.

"ಅತ್ತೆ, ನೀವು ಹೊಗಳಿ ಆಗಿದೆ, ನುಂಗಿಬಿಡಿ" ಅಂದಳು. ಆಮೇಲೆ ಮಾವನ ಕಡೆ ತಿರುಗಿ, "ನಂಗೆ ಒಪ್ಪಿಗೆ ಮಾವ. ವಾರ ವಾರ ನಾನೇ ಹಿಟ್ಟು ನಾದಬೇಕೇನೋ ಅಂತ ಹೆದರಿದ್ದೆ. ಅಂಗಡಿಯಿಂದ ತರೋ ಮನೆ ಅಂದ ಮೇಲೆ ಇನ್ನೇನು?" ಅಂದಳು. ಮಾವ ಕಂಬಳಿ ನೆನಪಾಗಿ ಹಣೆ ಒರೆಸ್ಕೊಂಡು, ಆಗಲಿ ಅಂದ.

ಅವರು ಹೋದ ಮೇಲೆ ನಿಂಗರಾಜಮ್ಮ ಮಗನ ಕಿವಿ ಹಿಂಡಿದಳು. "ಆ ಹುಡುಗಿ ಪುಣ್ಯಾತ್ಗಿತ್ತಿ, ಉಳ್ಕೊಂಡೆ. ಕೇಳಿಸ್ಕೋ. ಹೊರಗಿಂದ ಏನೇ ತರಲಿ, ಯಾರೇ ಕೇಳಲಿ, ನಮ್ಮನೇದೇ, ನಮ್ಮವ್ವನೇ ಮಾಡಿದ್ದು ಅನ್ನಬೇಕು."

"ಆಗಲಿ ಕಣವ್ವ. ಮುಂದಿನ ಸಲ ಹಾಗೇ ಮಾಡ್ತೀನಿ."

ಒಳ್ಳೇ ದಿನ ನೋಡಿ ಬಾಣಾವರದಲ್ಲಿ ವೀಳ್ಯಶಾಸ್ತ್ರ ಇಟ್ಕೊಂಡರು. ಎರಡೂ ಕಡೆಯೋರು ಚಾಪೆ ತುಂಬ ಕೂತರು. ನಡುವೆ ಮರುಳಪ್ಪಜ್ಜ, ಎಲ್ಲರಿಗೂ ಹಿರಿಯ, ಕೈಯಲ್ಲಿ ಎಲೆ ಅಡಿಕೆ. ಅವರಲ್ಲಿ ಒಂದು ಪದ್ಧತಿ. ಒಂದೇ ಬೆಡಗಿನೋರು ಅಂದ್ರೆ ಒಂದೇ ಮೂಲದೋರು, ಅಣ್ಣ ತಂಗಿ ಲೆಕ್ಕ, ಮದುವೆ ಆಗೋ ಹಾಗಿಲ್ಲ. ಅದಕ್ಕೇ ವೀಳ್ಯ ಕೊಡೋ ಮೊದಲು ಗಂಡು ತಾನೇ ಬಾಯಿ ಬಿಟ್ಟು ಹೆಣ್ಣಿನ ಬೆಡಗು ಹೇಳಬೇಕು.

"ಹೇಳಪ್ಪ. ನೀನು ತರ್ತಾ ಇರೋ ಹೆಣ್ಣು ಯಾರ ಮನೇದು? ಯಾವ ಬೆಡಗು?"

ಬೋರೇಶ ಅವ್ವನ ಮುಖ ನೋಡಿದ. ಹೊರಗಿಂದ ತರೋದು. ಕೇಳ್ತಾ ಇದ್ದಾರೆ. ಎದ್ದು ನಿಂತು ಗಟ್ಟಿಯಾಗಿ ಹೇಳಿದ: "ನಮ್ಮನೇದೇ ಅಜ್ಜ. ನಮ್ಮವ್ವನೇ ಮಾಡಿದ್ದು."

ಅಜ್ಜನ ಕೈಯಿಂದ ಅಡಿಕೆ ಉರುಳಿ ಚಾಪೆ ಕೆಳಗೆ ಹೋಯ್ತು. ಪಂಕಜಾಕ್ಷಮ್ಮ ಎದೆ ಬಡ್ಕೊಂಡಳು. ಗಂಡೇ ಹೆಣ್ಣನ್ನ ತಂಗಿ ಅಂದ ಮೇಲೆ ಇನ್ನೆಲ್ಲಿ ಮದುವೆ. "ಏನಮ್ಮ ಇದು?" ಅಂದ ಅಜ್ಜ.

ನಿಂಗರಾಜಮ್ಮ ಎದ್ದಳು. ಸುಮ್ಮನಿದ್ರೆ ಸೊಸೆ ಹೋಗ್ತಾಳೆ, ಬಾಯಿ ಬಿಟ್ರೆ ಮಾನ ಹೋಗುತ್ತೆ. "ಅವನದ್ದು ತಪ್ಪಿಲ್ಲ ಅಜ್ಜ. ಸುಳ್ಳು ಹೇಳ್ಕೊಟ್ಟಿದ್ದು ನಾನು. ಬೋರೇಶ, ನಾನು ಹೇಳಿದ್ದೆಲ್ಲ ಬಿಟ್ಟುಬಿಡು. ಯಾವುದು ಎಲ್ಲಿಂದ ಬಂತೋ ಇದ್ದದ್ದು ಇದ್ದ ಹಾಗೇ ಹೇಳಪ್ಪ" ಅಂದಳು.

"ಆಗಲಿ ಕಣವ್ವ" ಅಂದ ಬೋರೇಶ. ಅವನಿಗೂ ಹಗುರಾಗಿತ್ತು. "ಹೆಣ್ಣು ಬಾಣಾವರದ್ದು ಅಜ್ಜ, ಬೆಡಗು ಬೇರೆ. ಪಿಜ್ಜಾ ಲೋಹಿತನ ಅಂಗಡೀದು. ಈ ತಟ್ಟೇಲಿರೋ ರವೆ ಉಂಡೆ ಬೇಕರೀದು, ಮನೇದು ಅನ್ನಿಸಲಿ ಅಂತ ಅವ್ವ ದಾರೀಲಿ ಕಾಗದ ಬಿಚ್ಚಿದಳು. ತಟ್ಟೆ ಪಕ್ಕದ ಮನೇದು. ಅವ್ವನ ಕತ್ತಿನ ಸರಾನೂ ಪಕ್ಕದ ಮನೇದೇ. ನನ್ನ ಪಂಚೆ ಮಂಡಿ ಯಜಮಾನರದ್ದು. ಅವ್ವನ ಕೂದಲ ಕಪ್ಪು ರೈಲ್ವೆ ಸ್ಟೇಷನ್ ಮುಂದಿನ ಅಂಗಡೀದು."

ನಿಂಗರಾಜಮ್ಮ ಸೆರಗನ್ನ ಮುಖದ ತನಕ ಎಳ್ಕೊಂಡಳು. ಮರುಳಪ್ಪಜ್ಜ ನಗೋಕೆ ಶುರು ಮಾಡಿದ, ಹೊಟ್ಟೆ ಹಿಡ್ಕೊಂಡು ನಕ್ಕ. "ಹೆತ್ತ ತಾಯಿ ಕೂದಲನ್ನೇ ಬಿಡದೋನು ಹೆಣ್ಣಿನ ಬೆಡಗು ಸುಳ್ಳು ಹೇಳ್ತಾನಾ? ಹಿಡಿಯಪ್ಪ ವೀಳ್ಯ" ಅಂತ ಅವನ ಕೈಗೆ ಇಟ್ಟ.

ವೀಳ್ಯ ಕೈಗೆ ಬಂದ್ರೂ ಬೋರೇಶನ ಬಾಯಿ ನಿಲ್ಲಲಿಲ್ಲ. ನಿಲ್ಲಿಸು ಅಂತ ಯಾರೂ ಹೇಳಿರಲಿಲ್ಲವಲ್ಲ. "ಷಡಕ್ಷರಿ ಮಾವ ಮೊನ್ನೆ ಒದ್ದೆಯಾಗಿ ಬಂದ್ರಲ್ಲ, ಆ ಕಂಬಳಿ ನಮ್ಮನೇದೇ..." ಅಂತ ಶುರು ಮಾಡಿದ. ಮಾವ ಬಾಗಿಲ ಕಡೆ ನೋಡಿದ.

ಒಳಗಿಂದ ಶಾಂಭವಿ ಬಾಗಿಲಿಗೆ ಬಂದು, "ಸಾಕು. ನಿಲ್ಲಿಸಿ" ಅಂದಳು.

ಬೋರೇಶ ನಿಲ್ಲಿಸಿ ಕೂತ್ಕೊಂಡ. ಸೆರಗಿನ ಒಳಗೆ ನಿಂಗರಾಜಮ್ಮ ಅಳ್ತಾ ಇದ್ದೋಳು ಉಸಿರು ಬಿಟ್ಟು, "ಇನ್ಮೇಲೆ ಇವನಿಗೆ ನೀನೇ ಹೇಳ್ಕೊಳ್ಳಮ್ಮ. ನಂಗೆ ಸಾಕಾಗಿದೆ" ಅಂದಳು.