ಗೌಜಲಕ್ಕಿಯ ಗೂಡು, ಮೂರು ಬೇಲಿ

ಒಂದು ಮೂಲೆ ಲಂಬಕೋನವಾಗಿದ್ದ ತ್ರಿಕೋನದ ಹೊಲವೊಂದರಲ್ಲಿ ಗೌಜಲಕ್ಕಿ ಗೂಡಿಗೆ ಜಾಗ ಹುಡುಕುತ್ತಿತ್ತು. ಹಿಂದಿನ ಸಲ ಬೇಲಿಯಿಂದ ನುಸುಳಿದ ಕೇರೆಹಾವು ಅದರ ಮೊಟ್ಟೆಗಳನ್ನೆಲ್ಲ ನುಂಗಿತ್ತು. ಈ ಸಲ ಹಕ್ಕಿ ಮೂರು ಮೂಲೆಗಳಿಗೂ ಸಮದೂರದ ಜಾಗವನ್ನು ಅಳೆದು ಅಳೆದು ಹುಡುಕಿತು. ನೋಡಿದರೆ, ನಿಂತದ್ದು ಬೇಲಿಯ ಬುಡದಲ್ಲೇ!

“ಮೊಲಣ್ಣ, ಅಳತೆ ಸರಿಯಿದೆ, ಜಾಗ ತಪ್ಪಿದೆ. ನನಗೆ ತಲೆಬುಡ ತಿಳಿಯುತ್ತಿಲ್ಲ,” ಎಂದು ಅದು ಅಲ್ಲೇ ಮೇಯುತ್ತಿದ್ದ ಮೊಲಕ್ಕೆ ಹೇಳಿತು.

“ತಂಗಿ, ನಿನಗೆ ಭಯ ಮೂಲೆಯದೋ, ಬೇಲಿಯದೋ?”

“ಬೇಲಿಯದು.”

“ಮತ್ತೆ ಮೂಲೆಯಿಂದ ಏಕೆ ಅಳೆದೆ? ಒಂದು ಮೂಲೆಯಿಂದ ಹೊರಟು, ಎರಡೂ ಬದಿಯ ಬೇಲಿಗಳು ಸಮದೂರದಲ್ಲಿರುವಂತೆ ನೇರ ನಡೆ. ನಾನು ಇನ್ನೊಂದು ಮೂಲೆಯಿಂದ ಹಾಗೆಯೇ ಬರುತ್ತೇನೆ. ದಾರಿಗಳು ಕೂಡುವಲ್ಲಿ ಗೂಡು ಮಾಡು.”

ದಾರಿಗಳು ಕೂಡಿದವು. ಹಕ್ಕಿಗೆ ಸಮಾಧಾನವಾಗಲಿಲ್ಲ. “ಮೂರನೆಯ ಮೂಲೆಯನ್ನು ಬಿಟ್ಟೆವಲ್ಲ!” ಎಂದು ಅಲ್ಲಿಂದಲೂ ನಡೆದು ಬಂತು. ಬಂದು ನಿಂತದ್ದು ಮೊಲದ ಮುಂದೆಯೇ.

“ಇದು ಹೇಗಾಯಿತು?”

“ನಮ್ಮಿಬ್ಬರ ಮೂಲೆಗಳ ನಡುವಿನ ಬೇಲಿ ಇಬ್ಬರ ಅಳತೆಗೂ ಸೇರಿದೆ; ಹಾಗಾಗಿ ಇಲ್ಲಿಂದ ಮೂರು ಬೇಲಿಗಳೂ ಸಮದೂರ. ಮೂರನೆಯ ದಾರಿ ಇಲ್ಲಿಗೆ ಬಾರದೆ ಇನ್ನೆಲ್ಲಿಗೆ ಹೋದೀತು?”

ಹಕ್ಕಿ ಕತ್ತು ಓರೆಮಾಡಿ ಒಂದೊಂದೇ ಬೇಲಿಯನ್ನು ನೋಡಿತು. ಅದಕ್ಕೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಅಲ್ಲೇ ಮೊಟ್ಟೆಯಿಟ್ಟಿತು. ಬೇಲಿಗಳಿಂದ ದೂರವಿದ್ದ ಮೊಟ್ಟೆಗಳು ಈ ಸಲ ಉಳಿದು ಮರಿಗಳಾದವು. ಮುಂದೆ ಕೇರೆಹಾವು ಯಾವ ಬೇಲಿಯಿಂದ ತಲೆಯೆತ್ತಿದರೂ, ಮರಿಗಳನ್ನು ಕರೆದುಕೊಂಡು ಓಡಲು ಹಕ್ಕಿಗೆ ಸಮಯ ಸಿಗುತ್ತಿತ್ತು.