ಆರರ ಹಿಂದೆ ನಿಂತ ಮುಳ್ಳು

"ಗುರುಗಳೇ, ಒಂದು ವಸ್ತುವಿನ ಮೇಲಿನ ಪ್ರೀತಿ ಎಲ್ಲಿಗೆ ಮುಗಿಯುತ್ತದೆ, ಲೋಭ ಎಲ್ಲಿಂದ ಶುರುವಾಗುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ನಿನ್ನ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಳೆಯ ವಾಚುಗಳಿರುವುದು ಮಠಕ್ಕೆಲ್ಲ ಗೊತ್ತು. ಸುತ್ತಿ ಬಳಸಿ ಯಾಕೆ ಕೇಳುತ್ತೀಯ? ಕೂತುಕೋ" ಎಂದು ಕತೆ ಶುರು ಮಾಡಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಹಳೆಯ ಕ್ವಾರ್ಟ್ಜ್ ಕ್ರೊನೊಗ್ರಾಫ್ ವಾಚುಗಳನ್ನು ಹುಡುಕಿ ಕೂಡಿಡುವುದು ಅವನ ಹುಚ್ಚು. ಅವು ಸೆಲ್‌ನಿಂದ ನಡೆಯುವ, ಓಟದ ವೇಳೆಯನ್ನೂ ಅಳೆಯುವ ವಾಚುಗಳು. ಒಂದು ಗುಂಡಿ ಒತ್ತಿದರೆ ಉದ್ದನೆಯ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಸರ್ರನೆ ಸೊನ್ನೆಗೆ ಮರಳುತ್ತದೆ. ಅದನ್ನು ನೋಡುವುದೇ ಅವನಿಗೆ ಸುಖ. ಒಳಗಿನ ಭಾಗ ಕೆಟ್ಟರೆ ಬದಲಿ ಸಿಗುವ ಕಾಲ ಮುಗಿದಿತ್ತು. ಇನ್ನೂ ನಡೆಯುವ ಪ್ರತಿಯೊಂದು ವಾಚೂ ಅಳಿದುಳಿದದ್ದು. ಅದಕ್ಕೇ ಅವನಿಗೆ ಅವುಗಳ ಮೇಲೆ ಜೀವ. ಯಾವುದು ಕೈಗೆ ಸಿಕ್ಕರೂ ಹೊಸ ಸೆಲ್ ಹಾಕಿ, ಮುಳ್ಳನ್ನು ಸೊನ್ನೆಗೆ ತಂದು ನೋಡುವುದು ಅವನ ರೂಢಿ.

ಅವನ ಪೆಟ್ಟಿಗೆಯಲ್ಲಿ ಒಂದೇ ಕೊರತೆಯಿತ್ತು, ನೀಲಿ ಮುಖದ ಒಂದು ವಾಚು. ಅದು ಪಕ್ಕದ ಊರಿನಲ್ಲಿ, ಹಿಂದೆ ಓಟ ಕಲಿಸುತ್ತಿದ್ದ ಒಬ್ಬ ಮುದುಕಿಯ ಬಳಿ ಇದೆಯೆಂದು ತಿಳಿಯಿತು. ಹೋದ. ಅವಳು ತೋರಿಸಿದಳು, ಕೊಡಲಿಲ್ಲ. ವಾಚು ನಿಂತುಹೋಗಿತ್ತು. ಅವಳ ಮಗಳು ಜ್ವರದಲ್ಲಿ ತೀರಿಕೊಳ್ಳುವ ಮೊದಲು ಮನೆಯೆದುರಿನ ಪುಟ್ಟ ಮೈದಾನವನ್ನು ಕೊನೆಯ ಸಲ ಒಂದು ಸುತ್ತು ಓಡಿದ್ದಳು. ಆ ಓಟಕ್ಕೆ ತಾಯಿ ನಿಲ್ಲಿಸಿದ ಮುಳ್ಳು ಆರರ ಗುರುತಿಗಿಂತ, ಅಂದರೆ ಅರ್ಧ ನಿಮಿಷಕ್ಕಿಂತ, ಕೂದಲೆಳೆಯಷ್ಟು ಹಿಂದೆ ಇತ್ತು. ಆಮೇಲೆ ಅವಳು ಗುಂಡಿ ಮುಟ್ಟಿರಲಿಲ್ಲ, ಮೈದಾನಕ್ಕೂ ಕಾಲಿಟ್ಟಿರಲಿಲ್ಲ.

ವ್ಯಾಪಾರಿ ಪಟ್ಟು ಬಿಡುವವನಲ್ಲ. ಮತ್ತೆ ಹೋದ, ಮತ್ತೆ ಹೋದ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಅಮ್ಮಾ, ಹಳೇ ಸೆಲ್ಲು ಸೋರಿ ವಾಚನ್ನೇ ತಿಂದುಹಾಕುತ್ತೆ. ನನಗೆ ಕೊಡೋದು ಬೇಡ, ಶುಚಿ ಮಾಡೋಕಾದ್ರೂ ಬಿಡಿ."

"ಮುಳ್ಳು ಮಾತ್ರ ಮುಟ್ಟಬೇಡಪ್ಪ" ಎಂದು ಅವಳು ಹೆದರುತ್ತಲೇ ಕೊಟ್ಟಳು.

ಅವನು ಸೋರಿದ ಸೆಲ್ ತೆಗೆದು, ಒಳಗೆಲ್ಲ ಒರೆಸಿ, ಹೊಸದನ್ನು ಹಾಕಿದ. ವಾಚು ನಡೆಯಿತು. ಅವನ ಖುಷಿಗೆ ಪಾರವಿಲ್ಲ. ಆ ಖುಷಿಯಲ್ಲಿ ಹೆಬ್ಬೆರಳು ತನ್ನ ರೂಢಿಯಂತೆ ಗುಂಡಿ ಒತ್ತಿಬಿಟ್ಟಿತು. ಉದ್ದನೆಯ ಮುಳ್ಳು ಸರ್ರನೆ ಸೊನ್ನೆಗೆ ಬಂತು.

ಮುದುಕಿ ಬೇಡವೆಂದದ್ದೇ ಆಗಿಹೋಗಿತ್ತು. ಅವನಿಗೆ ಗುರುತು ನೆನಪಿತ್ತು. ಮುಳ್ಳನ್ನು ಓಡಿಸಿ ನಿಲ್ಲಿಸಿದ, ತಪ್ಪಿತು. ಬಿಡದೆ ಮತ್ತೆ ಮತ್ತೆ ಮಾಡಿ, ಕೊನೆಗೆ ಅದೇ ಜಾಗದಲ್ಲಿ ನಿಲ್ಲಿಸಿದ. ಒಯ್ದು ಕೊಟ್ಟಾಗ ಮುದುಕಿ ವಾಚನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ, ನಡೆದದ್ದನ್ನೆಲ್ಲ ಹೇಳಿಬಿಟ್ಟ.

ಅವಳು ವಾಚನ್ನು ಕಣ್ಣಿನಿಂದ ಕೆಳಗಿಳಿಸಿ ಕೇಳಿದಳು: "ನೀನು ಮುಳ್ಳು ನಿಲ್ಲಿಸಿದಾಗ ಓಡ್ತಾ ಇದ್ದವರು ಯಾರು?"

"ಯಾರೂ ಇರಲಿಲ್ಲಮ್ಮ."

"ಹಾಗಾದ್ರೆ ಇದು ನನ್ನದಲ್ಲ. ನೀನೇ ಇಟ್ಕೋ."

ಬಯಸಿದ್ದು ಕೈಗೆ ಬಂದಿತ್ತು. ಬೇರೆಯವರಾಗಿದ್ದರೆ ಪೆಟ್ಟಿಗೆಗೆ ಸೇರಿಸಿ ಸುಮ್ಮನಾಗುತ್ತಿದ್ದರು, ನೀನಾಗಿದ್ದರೂ ಅಷ್ಟೇ. ಅವನು ಮಾತ್ರ ಅವಳ ಮನೆಯೆದುರಿನ ಮೈದಾನಕ್ಕೆ ಹೋದ. ಅಲ್ಲಿ ಶಾಲೆಯ ಹುಡುಗಿಯರು ಕಲಿಸುವವರಿಲ್ಲದೆ ಓಡುತ್ತಿದ್ದರು. ನಿಜವಾದ ಓಟಕ್ಕೆ ಮುಳ್ಳು ಆ ಗುರುತಿನಲ್ಲಿ ನಿಲ್ಲುವವರೆಗೆ ಈ ವಾಚು ಪೆಟ್ಟಿಗೆ ಸೇರುವುದಿಲ್ಲ ಎಂದು ಹಟ ತೊಟ್ಟ.

ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಬಂದು ಓಟದ ಗೆರೆಯ ಪಕ್ಕ ನಿಲ್ಲುತ್ತಿದ್ದ. ಮುಳ್ಳು ಆರನ್ನು ದಾಟಿಯೇ ನಿಲ್ಲುತ್ತಿತ್ತು. ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ಅಷ್ಟು ಜೋಪಾನ ಮಾಡುವವನ ವಾಚಿನ ಗಾಜಿಗೆ ಗೀರು ಬಿತ್ತು, ಪಟ್ಟಿ ಬೆವರಿಗೆ ಹರಿಯಿತು. ಅವನು ಬಿಡಲಿಲ್ಲ. ಮುದುಕಿ ಕಿಟಕಿಯಿಂದ ನೋಡುತ್ತಿದ್ದವಳು ಒಂದು ದಿನ ತಡೆಯಲಾರದೆ ಅಲ್ಲಿಂದಲೇ ಕೂಗಿದಳು: "ಏ ಹುಡುಗಿ, ತಿರುವಿನಲ್ಲಿ ಕೈ ಅಗಲಿಸಬೇಡ ಕಣೇ!" ಮರುದಿನ ಗೇಟಿನವರೆಗೆ ಬಂದಳು. ಆಮೇಲೆ ಮೈದಾನಕ್ಕೇ ಬಂದಳು.

ಕೊನೆಗೊಂದು ಬೆಳಿಗ್ಗೆ ಒಬ್ಬ ಹುಡುಗಿ ಓಡಿ ಮುಗಿಸಿದಾಗ ಮುಳ್ಳು ಆರಕ್ಕಿಂತ ಕೂದಲೆಳೆಯಷ್ಟು ಹಿಂದೆ ನಿಂತಿತು. ವ್ಯಾಪಾರಿ ಓಡಿಹೋಗಿ ವಾಚನ್ನು ಮುದುಕಿಯ ಅಂಗೈಯಲ್ಲಿಟ್ಟ. ಅವಳು ಅದನ್ನು ನೋಡಿ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಯಿತು. "ಅಂತೂ ಅವಳ ಗುರುತು ಅವಳಿಗೆ ಸಿಕ್ಕಿತು. ಆಮೇಲೆ ಆ ಮುಳ್ಳನ್ನು ಯಾರೂ ಮುಟ್ಟಲಿಲ್ಲ, ಅಲ್ಲವೇ?" ಎಂದ.

"ಅವಳೇ ಗುಂಡಿ ಒತ್ತಿ ಸೊನ್ನೆಗೆ ತಂದಳು, ಮುಂದಿನ ಹುಡುಗಿ ಆಗಲೇ ಗೆರೆಯ ಮೇಲೆ ನಿಂತಿದ್ದಳಲ್ಲ" ಎಂದರು ಗುರುಗಳು.