ಹೊಸ ಬಣ್ಣದ ಬೋಟಿನ ಸ್ನಾನ

ಸಿಂಗಾರಿ ಎಂಬ ನೀರುನಾಯಿಗೆ ಮೀನು ಹಿಡಿಯಲು ಹಳೆಯದೊಂದು ಟ್ರಾಲ್ ಬೋಟು ಬೇಕಿತ್ತು. ದಲ್ಲಾಳಿ ಕಾಗೆ ಅವಳನ್ನು ಬಂದರಿಗೆ ಕರೆದೊಯ್ದು, ಹೊಸ ಬಣ್ಣ ಬಳಿದುಕೊಂಡ ಬೋಟಿನೆದುರು ನಿಲ್ಲಿಸಿತು. ಒಳಗಿನ ಪಂಪು ಎತ್ತಿದ ನೀರು ಅದರ ಬದಿಯ ಕೊಳವೆಯಿಂದ ಹೊರಕ್ಕೆ ಬುಳುಬುಳು ಸುರಿಯುತ್ತಲೇ ಇತ್ತು.

“ಇದು ನನ್ನ ಸ್ನಾನದ ಹೊತ್ತಮ್ಮ. ನಾನು ಬಹಳ ಶುಚಿ,” ಎಂದಿತು ಬೋಟು.

“ಸಂತೋಷ. ನಾನು ಒಂದು ಲೋಟ ಚಹಾ ಕುಡಿಯುವವರೆಗೆ ಆ ಪಂಪು ನಿಲ್ಲಿಸು,” ಎಂದಳು ಸಿಂಗಾರಿ.

“ಅಕ್ಕಾ, ತಡಮಾಡಿದರೆ ಬೇರೆಯವರು ಕೊಳ್ಳುತ್ತಾರೆ!” ಎಂದು ಕಾಗೆ ಅವಸರಪಡಿಸಿತು.

“ಕೊಳ್ಳಲಿ ಕಾಗಣ್ಣ. ಇದನ್ನು ಹತ್ತುವವರು ನನ್ನ ಮಕ್ಕಳು.”

ಬೇರೆ ದಾರಿಯಿಲ್ಲದೆ ಬೋಟು ಪಂಪು ನಿಲ್ಲಿಸಿತು. ಚಹಾ ಅರ್ಧವಾಗುವಷ್ಟರಲ್ಲಿ ಅದರ ಹೊಸ ಬಣ್ಣ ಅರ್ಧ ನೀರಿನೊಳಗಿತ್ತು. “ಸಾಕಮ್ಮ, ಮುಳುಗುತ್ತೇನೆ!” ಎಂದು ಬೊಬ್ಬೆ ಹಾಕಿ ಮತ್ತೆ ಪಂಪು ಶುರುಮಾಡಿತು.

ಪಕ್ಕದಲ್ಲೇ ಬಣ್ಣ ಕಿತ್ತುಹೋದ ಮುದಿ ಬೋಟೊಂದು ಸುಮ್ಮನೆ ತೇಲುತ್ತಿತ್ತು. ಅದರತ್ತ ಕಾಗೆ ಕತ್ತು ಕೂಡ ತಿರುಗಿಸಿರಲಿಲ್ಲ.

“ಅಜ್ಜಾ, ಒಳಗೆ ಇಳಿಯಲೇ?” ಎಂದು ಕೇಳಿದಳು ಸಿಂಗಾರಿ.

“ಇಳಿದು ನೋಡು ಮಗಳೇ.”

ಅವಳು ತಳದ ಹಲಗೆಯನ್ನು ಸವರಿದಳು. ಅಂಗೈಗೆ ಹತ್ತಿದ್ದು ಬರೀ ಒಣ ಧೂಳು. “ನನ್ನ ಬೋಟು ಸಿಕ್ಕಿತು!” ಎಂದು ಕುಣಿದಳು.

ಮರುದಿನ ಅಜ್ಜ ಅಲೆ ಸೀಳಿಕೊಂಡು ಕಡಲಿಗೆ ನುಗ್ಗಿದಾಗ ಮರಿಗಳ ಕೇಕೆ ಬಂದರಿಗೆಲ್ಲ ಕೇಳಿಸಿತು. ದಡದಲ್ಲಿ ಹೊಸ ಬಣ್ಣದ ಬೋಟು ಮತ್ತೊಬ್ಬ ಗಿರಾಕಿಯೆದುರು ಸ್ನಾನ ಮಾಡುತ್ತಲೇ ಇತ್ತು.